ಉಪ್ಪಿನ ಹೋಳು

ಅಕ್ಷರ ಮುದ್ದಾಗಿರುವವರು ಸ್ವಲ್ಪ ಅಪಾಯಕಾರಿ ಜನ; ನಾನೂ ಅವರಲ್ಲೊಬ್ಬ. ಎಂಬತ್ತರ ದಶಕದ ಮೊದಲಲ್ಲಿ ತರೀಕೆರೆಯ ಆರೋಗ್ಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದವನೆಂದು ಗೋಡೆಗೆ ಹಚ್ಚುವ ಚಿತ್ರಗಳನ್ನು ಬರೆಯುವ ಕೆಲಸ ನನ್ನ ಪಾಲಿಗೇ ಬೀಳುತ್ತಿತ್ತು. ಆ ಬೇಸಿಗೆಯಲ್ಲಿ, ಭೇದಿಯಾದ ಮಕ್ಕಳಿಗೆ ಕುಡಿಸುವ ನೀರಿನ ಚಿತ್ರ ಬೇಕಾಯಿತು: ಲೀಟರು ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಓದು ಬಾರದವರಿಗೆ ಅಂಕಿ ಯಾಕೆಂದು ರೊಟ್ಟಿಯಂಥ ವೃತ್ತ ಬರೆದು, ಸಕ್ಕರೆಗೊಂದು ಉಪ್ಪಿಗೊಂದು ಎಂದು ಎರಡು ಹೋಳು ಮಾಡಿದೆ. ಲೆಕ್ಕದ ಪ್ರಕಾರ ಉಪ್ಪಿನ ಹೋಳು ತೀರಾ ಸಣ್ಣದು. ಅದರೊಳಗೆ ‘ಉಪ್ಪು’ ಎಂದು ಬರೆಯಲು ಜಾಗವಿಲ್ಲ. ಹೊರಗೆ ಬರೆದರೆ ಅಂದ ಕೆಡುತ್ತದಲ್ಲ? ಹೋಳನ್ನೇ ವೃತ್ತದ ಕಾಲು ಭಾಗಕ್ಕೆ ಹಿಗ್ಗಿಸಿದೆ. ಅಕ್ಷರಗಳು ಗುಂಡಗೆ ಕೂತವು. ಓದು ಬಾರದವರ ಚಿತ್ರದಲ್ಲಿ ಅಕ್ಷರದ ಅಂದ ಯಾರಿಗೆ ಬೇಕಿತ್ತೆಂದು ನೀವು ಕೇಳಬಹುದು, ನನಗೆ ಹೊಳೆಯಲಿಲ್ಲ. ಸಾಹೇಬರಿಗೂ ಹೊಳೆಯಲಿಲ್ಲ, ಭೇಷ್ ಎಂದರು. ಕಡೂರಿಗೆ, ಅಜ್ಜಂಪುರಕ್ಕೆ ಕಳಿಸಲೆಂದು ಹತ್ತು ಪ್ರತಿ ಮಾಡಿದೆ.

ಒಂದನ್ನು ನಮ್ಮ ಅಡುಗೆಮನೆಯಲ್ಲೇ ಅಂಟಿಸಿದೆ, ಹೆಂಡತಿ ಗಿರಿಜ ಮೆಚ್ಚಲಿ ಎಂದು. ಮರುದಿನವೇ ನಮ್ಮ ಒಂದು ವರ್ಷದ ಮಗಳಿಗೆ ಭೇದಿ ಹತ್ತಿತು. ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಗಿರಿಜ ಲೋಟವನ್ನು ಮಗುವಿನ ತುಟಿಗೆ ಒಯ್ಯುತ್ತಿದ್ದಳು. ಲಿಂಗದಹಳ್ಳಿಯಿಂದ ಬಂದಿದ್ದ ಅತ್ತೆ ಅವಳ ಕೈ ತಡೆದರು. ಮಕ್ಕಳ ಬಾಯಿಗೆ ಏನೇ ಹೋಗುವ ಮುಂಚೆ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡುವುದು ಅವರ ಪದ್ಧತಿ. ನೆಕ್ಕಿದರು, ಮುಖ ಕಿವುಚಿದರು.

“ಎಷ್ಟು ಹಾಕ್ದೆ ಕಣೇ ಉಪ್ಪು?”

“ಎರಡು ಚಮ್ಚ. ಸಕ್ಕರೆ ಆರು ಅಂತ ನರ್ಸಮ್ಮ ಹೇಳಿದ್ರು. ಉಪ್ಪು, ಇವ್ರು ಅಷ್ಟು ಚೆನ್ನಾಗಿ ಬರ್ದಿಟ್ಟವ್ರಲ್ಲ, ಅದ್ನ ನೋಡ್ಕಂಡು ಹಾಕ್ದೆ.”

ಮುಕ್ಕಾಲಿಗೆ ಆರು, ಕಾಲಿಗೆ ಎರಡು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಉಪ್ಪು. ಸೊರಗಿದ ಎಳೆಗೂಸಿನ ಜೀವಕ್ಕೇ ಅದು ಎರವಾಗಬಲ್ಲದೆಂದು ಕಚೇರಿಯ ಕಾಗದಗಳಲ್ಲಿ ನಾನೇ ಓದಿದ್ದೆ. ಲೋಟಕ್ಕೂ ತುಟಿಗೂ ನಡುವೆ ಇದ್ದ ಎರಡು ಬೆರಳಷ್ಟು ಜಾಗ ಇವತ್ತಿಗೂ ಊಟದ ನಡುವೆ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಕಣ್ಣಮುಂದೆ ಬಂದು ನಿಲ್ಲುತ್ತದೆ. ಅತ್ತೆ ನನ್ನಿಂದ ಅಳತೆ ಕೇಳಿ, ಹೊಸದಾಗಿ ನೀರು ಬೆರೆಸಿ, ಮತ್ತೆ ನೆಕ್ಕಿ ನೋಡಿ ಕುಡಿಸಿದರು. ಸಂಜೆಗೆ ಮಗಳು ನನ್ನ ಕನ್ನಡಕ ಕಿತ್ತುಕೊಳ್ಳುವಷ್ಟು ಚೇತರಿಸಿಕೊಂಡಳು.

ಯಾವುದನ್ನೂ ಇನ್ನೂ ಹೊರಗೆ ಕಳಿಸಿರಲಿಲ್ಲ; ಹತ್ತೂ ಪ್ರತಿಗಳು ಒಲೆಗೆ ಹೋದವು. ಹೊಸ ಚಿತ್ರದಲ್ಲಿ ಹೋಳಿಲ್ಲ: ಸಾಲಾಗಿ ಆರು ಚಮಚ ಸಕ್ಕರೆ, ಕೆಳಗೆ ಅರ್ಧ ಚಮಚ ಉಪ್ಪು. ಸಾಹೇಬರಿಗಿಂತ ಮುಂಚೆ ಅದನ್ನು ಅಕ್ಷರ ಬಾರದ ಅತ್ತೆಯ ಮುಂದೆ ಹಿಡಿದು ನಿಂತೆ. ಅವರು ಬೆರಳಿಟ್ಟು ಎಣಿಸಿದರು.

“ಇದು ಯಾರಿಗಾದ್ರೂ ತಿಳೀತದೆ ಅಳಿಯಂದ್ರೆ,” ಎಂದರು. ಚಿತ್ರದಿಂದ ಬೆರಳು ತೆಗೆದು, “ನಿಮಗೂ ತಿಳೀತಲ್ಲ, ಅಷ್ಟು ಸಾಕು ಬಿಡಿ.”