ಎರಡನೇ ಮಹಡಿಯ ಸಮಾನತೆ

ಇನ್ನೊಬ್ಬರಿಗೆ ತಿಳಿವಳಿಕೆ ಹೇಳುವಷ್ಟು ಸುಲಭದ ಕೆಲಸ ಮತ್ತೊಂದಿಲ್ಲ. ಅದನ್ನೇ ಮಾಡಿಕೊಂಡು ಹಾಸನದಲ್ಲಿ ಇಷ್ಟು ವರ್ಷ ಹೊಟ್ಟೆ ಹೊರೆದಿದ್ದೇನೆ. ನಮ್ಮದು ಸಣ್ಣ ಸ್ವಯಂಸೇವಾ ಸಂಸ್ಥೆ. ಬ್ಯಾನರು ಮಾತ್ರ ದೊಡ್ಡದು. ಅಂಗವಿಕಲರ ವಿಷಯದಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನನ್ನು ಜಾರಿಗೆ ತರುವುದು ಹೇಗೆಂದು ನ್ಯಾಯಾಧೀಶರಿಗೂ ನಮ್ಮಂಥ ಸಂಸ್ಥೆಗಳವರಿಗೂ ಒಂದು ದಿನದ ತರಬೇತಿ ನಡೆಸುವ ಭಾಗ್ಯ ನಮಗೆ ಒದಗಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದೆಲ್ಲ ಜನ ಬಂದರು. ಸ್ವಾಗತ ಭಾಷಣ ನನ್ನದೇ. ‘ಸಮಾನತೆ’ ಎಂದು ಎಷ್ಟು ಸಲ ಹೇಳಿದೆನೋ, ಬಾಯಿ ಒಣಗಿ ನೀರು ಕುಡಿಯಬೇಕಾಯಿತು. ಆಮೇಲೆ ಬೆಂಗಳೂರಿನ ತಜ್ಞರು ಎದ್ದು, ಅಂಗವಿಕಲರು ಎನ್ನಬೇಕೋ, ವಿಕಲಚೇತನರು ಎನ್ನಬೇಕೋ, ವಿಶೇಷಚೇತನರು ಎನ್ನಬೇಕೋ ಎಂಬುದರ ಮೇಲೆ ಒಂದೂಕಾಲು ಗಂಟೆ ಕೊರೆದರು. ಆ ಮೂರರಲ್ಲಿ ಯಾವುದಾದರೊಂದಕ್ಕೆ ಓಗೊಡಬಲ್ಲವರು ಸಭೆಯಲ್ಲಿ ಒಬ್ಬರೂ ಇರಲಿಲ್ಲ.

ಇದ್ದ ಒಬ್ಬರು ಕೆಳಗಿದ್ದರು. ಬಾಗೂರಿನ ಜಯಮ್ಮ, ಎಳವೆಯಲ್ಲೇ ಪೋಲಿಯೊ ಆಗಿ, ಎರಡು ಊರುಗೋಲಿನ ಮೇಲೆ ನಡೆಯುವವರು. ಮಕ್ಕಳ ಹಿಂದೆ ಓಡಲಾರಿರಿ ಎಂದು ಅವರಿಗೆ ಅಂಗನವಾಡಿಯ ಕೆಲಸ ತಪ್ಪಿಸಿದ್ದರು. ಆ ಕಥೆ ಹೇಳಿಸಲೆಂದೇ ನಾವು ಕರೆಸಿ, ‘ಅನುಭವ ಹಂಚಿಕೆ’ ಎಂದು ಅವರ ಹೆಸರು ಅಚ್ಚು ಹಾಕಿಸಿದ್ದೆವು. ಸಭಾಂಗಣ ಮಾತ್ರ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಹೊತ್ತುಕೊಂಡು ಹೋಗುತ್ತೇವೆಂದರೆ ಅವರು ಒಪ್ಪಲಿಲ್ಲ. ಮೈಕಿನ ಸದ್ದು ಇಲ್ಲಿಗೂ ಕೇಳುತ್ತದೆಂದು ಸಮಾಧಾನ ಹೇಳಿ, ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಸಿ, ಮೇಲೆ ಹೋಗಿ ಸಮಯದ ಅಭಾವವೆಂದು ಅವರ ಹೆಸರು ಹೊಡೆದುಹಾಕಿದೆ.

ತಡವಾಗಿ ಬಂದ ನ್ಯಾಯಾಧೀಶೆಯೊಬ್ಬರನ್ನು ಎದುರುಗೊಳ್ಳಲು ನಾನು ಇಳಿದು ಬರುವಷ್ಟರಲ್ಲಿ ಅವರು ಜಯಮ್ಮನನ್ನು ಇಲ್ಲೇಕೆ ಕೂತಿದ್ದೀರಿ ಎಂದು ಕೇಳಿಯಾಗಿತ್ತು.

“ಮ್ಯಾಲೆ ನಮ್ ಇಸ್ಯನೇ ಮಾತಾಡ್ತಾವ್ರೆ ಮೇಡಂ, ಕೇಳುಸ್ಕಂಡು ಕೂತಿವ್ನಿ. ನಮ್ಗೆ ಏನಂತ ಎಸ್ರು ಇಡ್ಬೇಕು ಅಂತ ಇನ್ನೂ ತೀರ್ಮಾನ ಆಗ್ಲಿಲ್ಲ. ನಂಗೆ ಜಯಮ್ಮ ಅಂತ ಒಂದು ಎಸ್ರು ಐತೆ.”

ನ್ಯಾಯಾಧೀಶೆ ನಗಲಿಲ್ಲ. ಪಕ್ಕದಲ್ಲೇ ಕೂತು, ಮೇಲಿದ್ದವರನ್ನೆಲ್ಲ ಕೆಳಕ್ಕೆ ಕರೆಸಿದರು. ತಜ್ಞರು ಮುಖ ಗಂಟಿಕ್ಕಿಕೊಂಡೇ ಇಳಿದರು. ಜಯಮ್ಮ ಹತ್ತೇ ನಿಮಿಷ ಮಾತಾಡಿದರು. ಅಣ್ಣನ ಮೂರು ಮಕ್ಕಳನ್ನು ಸಾಕಿದ್ದು ಈ ಕಾಲಿನಲ್ಲೇ, ಒಂದು ಮಗುವೂ ಕೈತಪ್ಪಿ ಓಡಲಿಲ್ಲ ಎಂದರು. ಯಾರೂ ಫೋನು ಮುಟ್ಟಲಿಲ್ಲ. ಆ ಕೆಲಸಕ್ಕೆ ಮತ್ತೆ ಅರ್ಜಿ ಹಾಕುವುದು ಹೇಗೆಂದು ಅರಕಲಗೂಡಿನ ಸಂಸ್ಥೆಯವರು ಅಲ್ಲೇ ಕೂತು ಬರೆದುಕೊಟ್ಟರು.

ಈ ಜಾಗ ಗೊತ್ತುಮಾಡಿದವರು ಯಾರೆಂಬ ಪ್ರಶ್ನೆ ಬಂತು. ಕಟ್ಟಡದ ಮಾಲೀಕರಿಗೆ ಸೂಕ್ಷ್ಮತೆಯೇ ಇಲ್ಲವೆಂದು ನಾನು ಖಾರವಾಗಿ ಖಂಡಿಸಿದೆ.

“ಓನರ್ರುನ್ನ ಬಯ್ಬ್ಯಾಡಿ ಸಾ,” ಎಂದರು ಜಯಮ್ಮ, ಮೆತ್ತಗೆ. “ಕೆಳಗ್ಲದ್ನೇ ತಗಳಿ ಅಂದಿದ್ರಂತೆ. ಮ್ಯಾಲಾದ್ರೆ ಪೋಟ ಚೆನ್ನಾಗ್ ಬತ್ತದೆ ಅಂತ ನೀವೇ ಅಂದ್ರಂತಲ್ಲ, ವಾಚ್‌ಮನ್ನು ಈಗ್ತಾನೆ ಏಳ್ದ.”

ವರದಿಯಲ್ಲಿ ನಾನು ಬರೆದದ್ದು ಇಷ್ಟು: ‘ತರಬೇತಿಯನ್ನು ಯಶಸ್ವಿಯಾಗಿ ತಳಮಟ್ಟಕ್ಕೆ ತಲುಪಿಸಲಾಯಿತು.’ ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮೇಲಿನವರಿಂದ ಮೆಚ್ಚುಗೆಯ ಪತ್ರ ನನ್ನ ಹೆಸರಿಗೇ ಬಂತು, ಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದ್ದೇನೆ. ಮೊನ್ನೆ ಜಯಮ್ಮ ಬಂದವರು ಅದರ ಮುಂದೆ ನಿಂತು, ಕೊನೆಯ ಸಾಲಿನವರೆಗೂ ನಿಧಾನವಾಗಿ ಓದಿದರು. ನನ್ನನ್ನು ಬಯ್ದಿದ್ದರೆ ವಾಸಿಯಿತ್ತು.