ಹಳೆಯ ಮಗ ಒಂದು, ಕುಣಿ ಸಮೇತ

ಇನ್ನೊಬ್ಬರ ತಪ್ಪು ಹುಡುಕಿ ಅದರ ಸುತ್ತ ಕೆಂಪು ಶಾಯಿಯಲ್ಲಿ ಗುಂಡಗೆ ಗೆರೆ ಎಳೆಯುವುದಕ್ಕೆ ನನಗೆ ಮೂವತ್ತು ವರ್ಷ ಸಂಬಳ ಸಿಕ್ಕಿತು. ರಿಟೈರ್ ಆದ ಮೇಲೆ ಸಂಬಳ ನಿಂತಿತು, ಗೆರೆ ಎಳೆಯುವುದು ನಿಲ್ಲಲಿಲ್ಲ. ಮದುವೆ ಕಾರ್ಡು ಬಂದರೆ ನಾನು ಮೊದಲು ನೋಡುವುದು ಮುಹೂರ್ತವನ್ನಲ್ಲ, ಸ್ಪೆಲ್ಲಿಂಗನ್ನು. ಮುಂಡರಗಿಯಲ್ಲಿ ನಮ್ಮ ಓಣಿಯ ತುದಿಗೆ ಒಬ್ಬ ದರ್ಜಿ ಇದ್ದಾನೆ. ‘ಟೇಲರ್’ ಎಂಬುದನ್ನು ಕಥೆಯ ‘ಟೇಲ್’ ಹಚ್ಚಿ ಬೋರ್ಡು ಬರೆಸಿದ್ದಾನೆ ಎಂಬ ಒಂದೇ ಕಾರಣಕ್ಕೆ ನಾನು ಅವನ ಹತ್ತಿರ ಬ್ಲೌಸ್ ಹೊಲಿಸುವುದಿಲ್ಲ. ನನ್ನ ಜೊತೆಗಿರುವ ನಾದಿನಿ ಶಾಂತವ್ವ, “ವೈನಿ, ಅಂವ ಹೊಲಿಗಿ ಛಲೋ ಹಾಕ್ತಾನ್ರಿ. ನಾವೇನು ಬೋರ್ಡ್ ಮೈಮ್ಯಾಲ ಹಾಕ್ಕೋತೀವೇನು?” ಎಂದು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾಳೆ. ಕಾನ್ವೆಂಟಿನಲ್ಲಿ ಕಲಿತವರಿಗೆ ಇದೊಂದು ವಾಸಿಯಾಗದ ಕಾಯಿಲೆ. ಹುಬ್ಬಳ್ಳಿಯ ಬೋರ್ಡಿಂಗಿನಲ್ಲಿ ಸಿಸ್ಟರ್‌ಗಳು ನಮಗೆ ಪಾಪವನ್ನೂ ಸ್ಪೆಲ್ಲಿಂಗ್ ಮಿಸ್ಟೇಕನ್ನೂ ಒಂದೇ ದನಿಯಲ್ಲಿ ಕಲಿಸಿದ್ದರು; ಪಾಪಕ್ಕಾದರೂ ಕ್ಷಮೆ ಇತ್ತು. ಇಂಥ ನಾನು ನನ್ನ ಅಪ್ಪನ ಮನೆ ಮಾರುವಾಗ, ತಪ್ಪಿಲ್ಲದೆ ತನ್ನ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳಲಾರದ ಒಬ್ಬ ವಕೀಲನ ಕೈಗೆ ಕಾಗದ ಕೊಟ್ಟೆನೆಂದರೆ, ಅದು ನನ್ನ ಹಣೆಬರಹದ ಸ್ಪೆಲ್ಲಿಂಗ್ ಮಿಸ್ಟೇಕ್ ಎಂದೇ ತಿಳಿದಿದ್ದೆ.

ಅಪ್ಪನ ಮನೆ ಬೆಟಗೇರಿಯಲ್ಲಿತ್ತು. ಮುಂದೆ ಕಟ್ಟೆ, ಹಿಂದೆ ಬಾವಿ, ನಡುಮನೆಯಲ್ಲಿ ಒಂದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಸೀರೆ ನೇಯುತ್ತಿದ್ದ. ದೂರದಿಂದ ನೋಡಿದರೆ ಸೊಂಟದ ಮೇಲಿನ ಅಪ್ಪ ಮಾತ್ರ ಕಾಣುತ್ತಿದ್ದ. ಸಣ್ಣವಳಿದ್ದಾಗ ಕೆಳಗಿನ ಅರ್ಧ ಅಪ್ಪ ರಾತ್ರಿ ಊಟಕ್ಕೆ ಮಾತ್ರ ಬರುತ್ತಾನೆ ಎಂದು ನಂಬಿದ್ದೆ. ಅವನಿಗೆ ನಾನೊಬ್ಬಳೇ. ಬಾವಿಗೆ ನೀರಿಗೆ ಬಂದ ಹೆಂಗಸರು ಅವ್ವನ ಹತ್ತಿರ “ಪಾಪ, ನಿಮಗೊಬ್ಬ ಮಗ ಇಲ್ಲ ನೋಡವಾ” ಎಂದು ಲೊಚಗುಟ್ಟಿದರೆ, ಅಪ್ಪ ಒಳಗಿನಿಂದಲೇ “ಮಗ ಇಲ್ಲಂದ್ರ ಏನಾತಬೇ, ಮಗ್ಗ ಐತಲ್ಲ!” ಎಂದು ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮಗ, ಮಗ್ಗ ಇವೆರಡರ ನಡುವೆ ಒಬ್ಬ ಮಗಳು ಕೂಡಲು ಜಾಗ ಎಲ್ಲಿದೆ ಎಂದು ಕೇಳುವ ವಯಸ್ಸು ಅದಲ್ಲ. ಕೇಳುವ ವಯಸ್ಸು ಬಂದಾಗ ಅಪ್ಪ ಇರಲಿಲ್ಲ. ಆದರೆ ರಜೆಗೆ ಬಂದಾಗಲೆಲ್ಲ ಅಪ್ಪ ನನ್ನನ್ನು ಕುಣಿಯ ಪಕ್ಕದಲ್ಲಿ ಕೂರಿಸಿಕೊಂಡು, “ಇಂಗ್ಲೀಷ್ ಮಾತಾಡು, ಲಾಳಿ ಜಲ್ದಿ ಓಡತೈತಿ” ಎನ್ನುತ್ತಿದ್ದ. ನಾನು ಕಾನ್ವೆಂಟಿನ ರೂಲ್ಸ್, ಆಫ್ರಿಕಾದ ನದಿಗಳು, ಸಿಸ್ಟರ್ ಕಲಿಸಿದ ಟೇಬಲ್ ಮ್ಯಾನರ್ಸ್ ಎಲ್ಲ ಒದರುತ್ತಿದ್ದೆ. ಲಾಳಿ ನಿಜವಾಗಿಯೂ ಜೋರಾಗಿ ಓಡುತ್ತಿತ್ತು. ಮುಳ್ಳುಚಮಚ ಯಾವ ಕೈಯಲ್ಲಿ ಹಿಡಿಯಬೇಕು ಎಂಬ ಜ್ಞಾನ ಸೇರಿಕೊಂಡ ಸೀರೆಗಳನ್ನು ಎಷ್ಟು ಜನ ಉಟ್ಟರೋ ದೇವರಿಗೇ ಗೊತ್ತು.

ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷವಾಗಿತ್ತು. ಮಾಳಿಗೆ ಸೋರತೊಡಗಿತ್ತು, ತಿಂಗಳಿಗೊಮ್ಮೆ ಮುಂಡರಗಿಯಿಂದ ಹೋಗಿ ಕಸ ಹೊಡೆದು ಬರಲು ನನ್ನ ಮೊಣಕಾಲು ಒಪ್ಪುತ್ತಿರಲಿಲ್ಲ. ಮನೆ ಕೇಳಲು ಇಬ್ಬರು ಬಂದರು. ಮೊದಲಿನವರು ಮಗ್ಗ ನೋಡಿ, “ಈ ಕಟಗಿ ಬಚ್ಚಲ ಒಲಿಗೆ ಒಂದು ತಿಂಗಳು ಬರತೈತಿ” ಎಂದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ. ಎರಡನೆಯವನು ಲಕ್ಷ್ಮೇಶ್ವರದ ಮಾಬುಸಾಬ, ಅರಳೆ ಹಿಂಜಿ ಗಾದಿ ಹೊಲಿಯುವವನು. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು, ಮಗ್ಗದ ಹಲಗೆಯ ಮೇಲೆ ಕೈಯಾಡಿಸಿ, “ಅರಳಿ ನಂದು, ನೂಲು ನಿಮ್ಮಪ್ಪಾರದು. ನಮ್ಮ ಕೆಲಸ ಎಲ್ಲಿ ಮುಗೀತೈತೋ ಅಲ್ಲೇ ನಿಮ್ಮದು ಚಾಲೂ ಆಗ್ತೈತ್ರಿ ಅಮ್ಮಾರ. ಇದು ಇದ್ದಲ್ಲೇ ಇರಲಿ” ಎಂದ. ಅಷ್ಟು ಸಾಕಾಯಿತು. ಆದರೆ ನಾನು ಬಾಯಿಮಾತು ನಂಬುವವಳಲ್ಲ; ರಿಟನ್ ಆಗಿ ಬೇಕು. ಖರೀದಿ ಪತ್ರದಲ್ಲಿ ಮನೆಯ ಜೊತೆ ಮಗ್ಗವೂ ಹೋಗುತ್ತದೆ, ಅದು ಅಲ್ಲಿಯೇ ಇರುತ್ತದೆ ಎಂದು ಒಂದು ಸಾಲು ಇರಲೇಬೇಕೆಂದು ಹಟ ಹಿಡಿದೆ. ಮಾಬುಸಾಬನಿಗೂ ಅವಸರವಿತ್ತು. ಅವನು ಬಾಡಿಗೆಗಿದ್ದ ಅಂಗಡಿಯನ್ನು ತಿಂಗಳೊಳಗೆ ಬಿಟ್ಟುಕೊಡಬೇಕಿತ್ತು. ಅಷ್ಟರಲ್ಲಿ ಕಾಗದ ಆಗದಿದ್ದರೆ ಅವನು ಬೇರೆ ಜಾಗ ನೋಡಿಕೊಳ್ಳುತ್ತಿದ್ದ, ಮಗ್ಗ ಬಚ್ಚಲ ಒಲೆಗೆ ಹೋಗುತ್ತಿತ್ತು.

ವಕೀಲನ ಹೆಸರು ಹೇಳುವುದಿಲ್ಲ, ಗದಗ ಸಣ್ಣ ಊರು. ಅವನು ನನ್ನ ಹಳೆಯ ಸ್ಟೂಡೆಂಟ್ ಎಂದು ಮಾತ್ರ ಹೇಳುತ್ತೇನೆ. ಎಂಟನೆಯ ಕ್ಲಾಸಿನಲ್ಲಿ ‘ನಮ್ಮ ಮನೆ’ ಎಂದು ಕಾಂಪೊಸಿಷನ್ ಕೊಟ್ಟಾಗ “ಅವರ್ ಹೌಸ್ ಹ್ಯಾಸ್ ಟೂ ವಿಡೋಸ್” ಎಂದು ಬರೆದಿದ್ದ. ಕಿಟಕಿಯ ‘ವಿಂಡೋ’ದಲ್ಲಿ ಒಂದು ಎನ್ ಬಿದ್ದುಹೋಗಿ ವಿಧವೆಯ ‘ವಿಡೋ’ ಆಗಿತ್ತು. ಸುಮ್ಮನೆ ತಿದ್ದಿ ಕೊಡಬಹುದಿತ್ತು. ನಾನು ಕ್ಲಾಸಿಗೆಲ್ಲ ಓದಿ ಹೇಳಿದೆ. ಹುಡುಗರು ಬೆಂಚು ಬಡಿದು ನಕ್ಕರು. ಅವನು ಎದ್ದು ನಿಂತು, “ಖರೇ ಅದಾರ್ರಿ ಅಕ್ಕೋರ, ನಮ್ಮಜ್ಜಿ, ನಮ್ಮತ್ತಿ” ಎಂದ. ನಾನು ಅದಕ್ಕೂ ನಕ್ಕು, ‘ವಿಂಡೋ’ ಎಂದು ಹತ್ತು ಸಲ ಬರೆಸಿದೆ. ಈಗ ನಮ್ಮ ಮನೆಯಲ್ಲಿ ನಾನು ಮತ್ತು ಶಾಂತವ್ವ ಇಬ್ಬರೂ ಕಿಟಕಿಯ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುವಾಗ ಒಮ್ಮೊಮ್ಮೆ ಆ ವಾಕ್ಯ ನೆನಪಾಗುತ್ತದೆ. ಗ್ರಾಮರ್ ಪ್ರಕಾರ ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ಹಳೆಯ ವಿದ್ಯಾರ್ಥಿಯ ಆಫೀಸಿಗೆ ಹೋಗಿ ಕೂತರೆ ಚಹಾ ಬರುತ್ತದೆ, ಗೌರವ ಬರುತ್ತದೆ, ಸರಿಯಾದ ಕಾಗದ ಮಾತ್ರ ಬರುವುದಿಲ್ಲ. ಹೊಸದಾಗಿ ಕಂಪ್ಯೂಟರ್ ತಂದು ಎರಡು ಬೆರಳಿನಲ್ಲಿ ತಾನೇ ಟೈಪ್ ಮಾಡುತ್ತಿದ್ದ. ಮೊದಲನೆಯ ಡ್ರಾಫ್ಟಿನಲ್ಲಿ ಮನೆ ಧಾರವಾಡ ಜಿಲ್ಲೆಯಲ್ಲಿತ್ತು. “ರೂಢೀರಿ ಅಕ್ಕೋರ, ಕೈ ತಾನ ಹೋಗತೈತಿ” ಎಂದ. ಎರಡನೆಯದರಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿ, ಮುಂಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ನೇರ ಬಾವಿ. ಮೂರನೆಯದರಲ್ಲಿ ಅಪ್ಪನ ಹೆಸರಿನ ಹಿಂದೆ ಇರಬೇಕಾದ ‘ದಿವಂಗತ’ ನನ್ನ ಹೆಸರಿನ ಹಿಂದೆ ಬಂದು ಕೂತಿತ್ತು. “ಏನೋ ಇದು? ನಾ ಇನ್ನೂ ನಿನ್ನ ಮುಂದ ಕುಂತೀನಲ್ಲೋ!” ಎಂದೆ. “ಹೌದಲ್ಲರೀ!” ಎಂದು ಅವನು ನನ್ನನ್ನು ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡ. ಪ್ರತಿ ಸಲ ನಾನು ಪರ್ಸಿನಿಂದ ಕೆಂಪು ಪೆನ್ನು ತೆಗೆದು ಸುತ್ತು ಹಾಕಿದೆ. ಎಷ್ಟು ಖುಷಿಯಿಂದ ಹಾಕಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮನೆಯ ಜೊತೆ ಹೋಗುವ ಸಾಮಾನುಗಳ ಪಟ್ಟಿಯನ್ನು ಮಾತ್ರ ಅವನಿಗೆ ಬಿಡದೆ ನಾನೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ನಾಲ್ಕನೆಯ ಡ್ರಾಫ್ಟಿನಲ್ಲಿ ಊರು, ಹೆಸರು, ದಿಕ್ಕು ಎಲ್ಲ ಎರಡೆರಡು ಸಲ ನೋಡಿದೆ, ಪಟ್ಟಿಯನ್ನು ನೋಡಲಿಲ್ಲ. ನನ್ನ ಚೀಟಿಯಿಂದ ಇಳಿಸಿದ್ದು, ಅದರಲ್ಲಿ ತಪ್ಪು ಎಲ್ಲಿಂದ ಬರಬೇಕು?

ರಜಿಸ್ಟರ್ ಮಾಡಿಸುವ ದಿನ ಮಾಬುಸಾಬ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ರಜಿಸ್ಟ್ರಾರ್ ಸಾಹೇಬರು ಪತ್ರ ಓದುತ್ತ ಬಂದವರು ಒಂದು ಕಡೆ ನಿಂತರು. ನನ್ನನ್ನು ನೋಡಿದರು, ಮಾಬುಸಾಬನನ್ನು ನೋಡಿದರು, ಆಮೇಲೆ ಗಟ್ಟಿಯಾಗಿ ಓದಿದರು: “ಸದರಿ ನಡುಮನೆಯಲ್ಲಿರುವ ಹಳೆಯ ಮಗ ಒಂದು, ಕುಣಿ ಸಮೇತ, ಲಕ್ಷ್ಮೇಶ್ವರದ ಖರೀದಿದಾರರ ಸ್ವಾಧೀನಕ್ಕೆ ಕೊಡಲಾಗಿದೆ.”



“ಬಾಯಾರ, ಈ ಮಗ ಯಾರ್ರಿ?” ಎಂದರು ಸಾಹೇಬರು. “ಮತ್ತ ಕುಣಿಯೊಳಗ ಯಾಕ ಅದಾನ್ರಿ?”

ಮಾಬುಸಾಬ ಮುಂದೆ ಬಂದು, “ಇರ್ಲಿ ಬಿಡ್ರಿ ಸಾಹೇಬ್ರ, ಅರಳಿ ಹಿಂಜಾಕ ನನಗೂ ಒಬ್ಬಾಂವ ಬೇಕಾಗ್ಯಾನ. ಹಳೇದಂತ ಬರದಾರ, ಕೈಕಾಲು ಗಟ್ಟಿ ಅದಾವೋ ಇಲ್ಲೋ ನೋಡಬೇಕಷ್ಟ” ಎಂದ. ಆಫೀಸಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದು ಅದೊಂದೇ ಪದ. ಅಷ್ಟು ಜನರ ಮುಂದೆ ವಕೀಲನ ಕಡೆ ತಿರುಗಿ, “ಕೇರ್‌ಲೆಸ್! ಅಟರ್ಲಿ ಕೇರ್‌ಲೆಸ್! ಎಂಟನೇ ಕ್ಲಾಸಿನ್ಯಾಗ ಹೆಂಗಿದ್ದ್ಯೋ ಹಂಗ ಅದೀ!” ಎಂದುಬಿಟ್ಟೆ. ಅವನು ಕೈಯಲ್ಲಿದ್ದ ಫೈಲು ತೆರೆದ, ಅದರೊಳಗೆ ಏನೋ ನೋಡಿದ, ಬಾಯಿ ತೆರೆದ. ಆಮೇಲೆ ಬಾಯಿಯನ್ನೂ ಫೈಲನ್ನೂ ಒಟ್ಟಿಗೆ ಮುಚ್ಚಿ, “ಒತ್ತಿನ ಕೀ ಹಿಡ್ಯಾಕತ್ತೈತ್ರಿ ಅಕ್ಕೋರ. ತಪ್ಪು ನಂದ” ಎಂದು ತಲೆ ತಗ್ಗಿಸಿ ನಿಂತ.

“ಆ ಸಾಲ ಹೊಡದ ಹಾಕ್ರಿ, ಈಗಿಂದೀಗ ಮುಗಸೂಣು” ಎಂದರು ಸಾಹೇಬರು. ನಾನು ಒಪ್ಪಲಿಲ್ಲ. ಆ ಸಾಲಿಲ್ಲದಿದ್ದರೆ ಮನೆಯೇ ಕೊಡುವುದಿಲ್ಲ ಎಂದೆ. “ಹಂಗಾರ ತಿದ್ದಿಸ್ಕೊಂಡು ಬರ್ರಿ. ಮತ್ತ ಒಮ್ಮೆ ಮಗ ಅಂತ ಕಣ್ಣಿಗೆ ಬಿತ್ತಲ್ಲ, ನಿಮ್ಮಪ್ಪಾರಿಗೆ ಗಂಡಮಕ್ಕಳು ಇರಲಿಲ್ಲಂತ ಒಂದು ಅಫಿಡವಿಟ್ ಹಚ್ಚಿಬಿಡ್ರಿ. ನಾಳೆ ಯಾವನರ ಕುಣಿಯಿಂದ ಎದ್ದು ಬಂದು ಪಾಲು ಕೇಳಿದ್ರ?” ವಕೀಲ ಓಡಿಹೋಗಿ ಒಂದು ತಾಸಿನಲ್ಲಿ ಎರಡನ್ನೂ ತಂದ. ಪತ್ರದಲ್ಲಿ ಮಗ್ಗ ಸರಿಯಾಗಿತ್ತು. ಅಫಿಡವಿಟ್ಟಿನಲ್ಲಿ ಮಾತ್ರ, ಬೈಸಿಕೊಂಡ ಗಾಬರಿಗೆ, ಬೇಡದಲ್ಲಿಯೂ ಒತ್ತು ಬಿದ್ದಿತ್ತು: “ನನ್ನ ತಂದೆಯವರಿಗೆ ಯಾವುದೇ ಮಗ್ಗ ಇರಲಿಲ್ಲವೆಂದು ಪ್ರಮಾಣ ಮಾಡುತ್ತೇನೆ.”

“ಮುಂಜಾನಿ ಮಗ ಇದ್ದ, ಮಗ್ಗ ಇರಲಿಲ್ಲ,” ಎಂದರು ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ. “ಈಗ ಪತ್ರದಾಗ ಮಗ್ಗ ಕೊಡತೀರಿ, ಇಲ್ಲಿ ಮಗ್ಗಾನ ಇರಲಿಲ್ಲ ಅಂತೀರಿ. ಆ ಮನ್ಯಾಗ ಖರೇನ ಏನೈತ್ರಿ ಬಾಯಾರ?” ಅಷ್ಟರಲ್ಲಿ ಕರೆಂಟು ಹೋಯಿತು. ಮಾಬುಸಾಬ, “ಸೋಮವಾರ ಬರ್ತೀನ್ರಿ ಅಮ್ಮಾರ. ಅವತ್ತೂ ಆಗಲಿಲ್ಲಂದ್ರ ಮಾತ್ರ ನಾ ಬ್ಯಾರೆ ಕಡೆ ನೋಡಬೇಕಾಗ್ತೈತಿ, ಸಿಟ್ಟಾಗಬ್ಯಾಡ್ರಿ” ಎಂದು ಹೇಳಿ ಲಕ್ಷ್ಮೇಶ್ವರದ ಬಸ್ಸು ಹತ್ತಿದ.

ಸೋಮವಾರ ಎಲ್ಲ ಸರಿಯಾಗಿತ್ತು. ಜಿಲ್ಲೆ ಗದಗವೇ, ಬಾವಿ ಹಿಂದೆಯೇ, ನಾನು ಜೀವಂತವಾಗಿಯೇ ಇದ್ದೆ. ಅಫಿಡವಿಟ್ಟಿನಲ್ಲಿ ಒಂದೇ ಸಾಲು: “ನನ್ನ ತಂದೆಯವರಿಗೆ ಗಂಡು ಸಂತಾನ ಇರುವುದಿಲ್ಲ.” ಅದರ ಕೆಳಗೆ ನನ್ನ ಸಹಿಗೆ ಜಾಗ. ಪೆನ್ನು ಹಿಡಿದೆ. ಕೈ ಮುಂದೆ ಹೋಗಲಿಲ್ಲ. ಬಾವಿಕಟ್ಟೆಯ ಹೆಂಗಸರು ಅಷ್ಟು ವರ್ಷ ಲೊಚಗುಟ್ಟಿದ್ದನ್ನು ಈಗ ನಾನೇ ಸ್ಟಾಂಪ್ ಪೇಪರಿನ ಮೇಲೆ ಪ್ರಮಾಣ ಮಾಡಿ ಹೇಳಬೇಕಿತ್ತು. ಒಳಗಿನಿಂದ ಕೂಗಿ ಉತ್ತರ ಕೊಡುವ ಅಪ್ಪನೂ ಇರಲಿಲ್ಲ.

“ಯಾಕ್ರಿ ಅಕ್ಕೋರ, ಮತ್ತ ತಪ್ಪಾಗೇತೇನು?” ಎಂದ ವಕೀಲ ಹೆದರಿಕೊಂಡು.

“ಸ್ಪೆಲ್ಲಿಂಗ್ ಬರೋಬ್ಬರಿ ಐತಿ,” ಎಂದೆ. “ಸೆಂಟೆನ್ಸ್ ಇನ್‌ಕಂಪ್ಲೀಟ್ ಐತಿ.”

ಅವನು ಕಾಗದ ನೋಡಿದ, ನನ್ನನ್ನು ನೋಡಿದ. ಆಮೇಲೆ ತನ್ನ ಪೆನ್ನು ತೆಗೆದು, ಆ ಸಾಲಿನ ಮುಂದೆ ನಿಧಾನವಾಗಿ, ಒತ್ತು ದೀರ್ಘ ಎಲ್ಲ ಎಣಿಸಿಕೊಂಡು ಬರೆದ: “ಮಗಳು ಒಬ್ಬಳು ಇರುತ್ತಾಳೆ.” ಸಾಹೇಬರು ಓದಿ, “ಇದು ಮೊದಲ ಇರಬೇಕಿತ್ತಲ್ರಿ ವಕೀಲರ, ಇದಿಲ್ಲದ ಮಾರೋವ್ರು ಯಾರು?” ಎಂದು ಗದರಿದರು. ಅದೂ ಅವನ ತಪ್ಪೇ. ಆದರೆ ಆ ಒಂದು ಸಲ ನಾನು ಕೆಂಪು ಪೆನ್ನು ತೆಗೆಯಲಿಲ್ಲ. ಸಹಿ ಮಾಡಿದೆ. ಹೊರಗೆ ಬಂದಾಗ ಮಾಬುಸಾಬ ಬೀಗದ ಕೈಯನ್ನು ಕಣ್ಣಿಗೊತ್ತಿಕೊಂಡು, “ಕುಣಿ ಮುಚ್ಚೂದಿಲ್ರಿ ಅಮ್ಮಾರ. ಅರಳಿ ಧೂಳ ಬೀಳಬಾರದಂತ ಮಗ್ಗಕ್ಕ ಒಂದು ಜಮಖಾನಿ ಹೊಚ್ಚತೀನಿ. ನೀವು ಬಂದಾಗ ತಗದು ತೋರಸ್ತೀನಿ” ಎಂದ.

ಅಪ್ಪನ ಹಳೆಯ ಕಾಗದಗಳನ್ನೆಲ್ಲ ವಕೀಲ ಒಂದು ಫೈಲಿನಲ್ಲಿ ಹಾಕಿ ನನಗೆ ಹಿಂದಿರುಗಿಸಿದ್ದ. ಮರುದಿನ ಮಧ್ಯಾಹ್ನ ಮುಂಡರಗಿಯಲ್ಲಿ ಅದನ್ನು ಬಿಚ್ಚಿ ಕೂತೆ. ನಡುವೆ ಒಂದು ಚೀಟಿ ಸಿಕ್ಕಿತು. ಸಿಸ್ಟರ್‌ಗಳು ಕೈಗೆ ಫೂಟ್‌ಪಟ್ಟಿಯಿಂದ ಹೊಡೆದು ಕಲಿಸಿದ ದುಂಡು ಅಕ್ಷರ, ನೀಲಿ ಶಾಯಿ. ಮೊದಲ ಸಾಲು: “ನಡುಮನೆಯಲ್ಲಿರುವ ಹಳೆಯ ಮಗ ಒಂದು, ಕುಣಿ ಸಮೇತ.”

ಗ ಮಾತ್ರ ಇತ್ತು. ಅದರ ಕೆಳಗೆ ಖಾಲಿ. ಕನ್ನಡಕ ಒರೆಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಶಾಯಿ ಅಳಿಸಿದ ಗುರುತು ಕೂಡ ಇಲ್ಲ. ಆಗ ಹೊಳೆಯಿತು: ಅದೇ ಸಾಲಿನಲ್ಲಿ ‘ಲಕ್ಷ್ಮೇಶ್ವರ’ ಎಲ್ಲ ಒತ್ತುಗಳ ಸಮೇತ ಸರಿಯಾಗಿ ಬಂದಿತ್ತಲ್ಲ! ಅಷ್ಟು ಒತ್ತು ಹಾಕಿದ ಕೀಗೆ ಒಂದು ಮಗ್ಗದ ಒತ್ತು ಭಾರವಾಗುತ್ತದೆಯೆ? ಅವನು ಫೈಲು ತೆರೆದು ನೋಡಿದ್ದು ಈ ಚೀಟಿಯನ್ನು. ಅಷ್ಟು ಜನರ ಮುಂದೆ ಓದಿ ಹೇಳಬಹುದಿತ್ತು. ನಾನಾಗಿದ್ದರೆ ಓದಿ ಹೇಳುತ್ತಿದ್ದೆ, ಹೇಳಿದ್ದೆ ಕೂಡ.

ಫೋನ್ ಮಾಡಿದೆ. “ಆ ಚೀಟಿ ನೋಡಿದೆನಪಾ,” ಎಂದೆ.

“ಯಾವ ಚೀಟಿರಿ ಅಕ್ಕೋರ?” ಎಂದ. “ಏನಿಲ್ರಿ, ಕೀ ರಿಪೇರಿ ಮಾಡಿಸೀನಿ, ಈಗ ಒತ್ತು ಛಲೋ ಬೀಳಾಕತ್ತಾವ.” ಎಷ್ಟು ಕೆದಕಿದರೂ ಅದನ್ನು ಬಿಟ್ಟು ಬೇರೆ ಮಾತಿಲ್ಲ. ಕೋರ್ಟಿನಲ್ಲಿ ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾನೋ ಇಲ್ಲವೋ, ನನಗೆ ಸಂಶಯ.

ರೂಲ್ ಈಸ್ ರೂಲ್. ಕೆಂಪು ಪೆನ್ನು ತೆಗೆದು ನನ್ನ ತಪ್ಪಿಗೆ ನಾನೇ ಗುಂಡಗೆ ಸುತ್ತು ಹಾಕಿದೆ. ಆಮೇಲೆ ಒಂದು ಹಳೆಯ ನೋಟ್‌ಬುಕ್ ಹುಡುಕಿ, ಕಿಟಕಿಯ ಪಕ್ಕದಲ್ಲಿ ಕೂತು, ‘ಮಗ್ಗ’ ಎಂದು ಹತ್ತು ಸಲ ಬರೆದೆ. ಬರೆಯುವಾಗ ಲಾಳಿಯ ಸಪ್ಪಳ ಕೇಳಿಸಿದ ಹಾಗಾಗಿ ಕಣ್ಣು ಸ್ವಲ್ಪ ಮಂಜಾಗಿತ್ತು, ಅದು ನಿಜ. ಅವರೆಕಾಯಿಯ ಬುಟ್ಟಿ ಹಿಡಿದು ಬಂದ ಶಾಂತವ್ವ ಹೆಗಲ ಮೇಲಿಂದ ಇಣುಕಿ, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ತನ್ನ ಬೆರಳನ್ನು ಏಳನೆಯ ಸಾಲಿನ ಮೇಲಿಟ್ಟಳು.

“ವೈನಿ, ಇಲ್ಲಿ ಮತ್ತೊಬ್ಬ ಮಗ ಹುಟ್ಯಾನ ನೋಡ್ರಿ.”