ನಾಲ್ಕು ಡಿಸ್ಕು, ಒಂದು ಬೀಗದಕೈ

ಆ ಮಧ್ಯಾಹ್ನದ ಫಜೀತಿಗೆಲ್ಲ ಮೂಲ ಒಂದು ಅವಸರ. ನಕ್ಷೆ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ, ಎಲ್ಲರೂ ಡಿಸ್ಕಣ್ಣ ಎಂದು ಕರೆಯುತ್ತಿದ್ದ ಮನುಷ್ಯ ಆಮೇಲೆ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಟ್ಟಿದ್ದ.

ಅವಸರಕ್ಕೆ ಕಾರಣ ಮಗಳು. ಮೂರೂವರೆಗೆ ಶಾಲೆಯಲ್ಲಿ ಅವಳ ನಾಟಕ. ಹೋದ ವರ್ಷ ಅವನು ತಲುಪಿದಾಗ ಕುರ್ಚಿ ಮಡಚುತ್ತಿದ್ದರು. ಅದರ ಹಿಂದಿನ ವರ್ಷ ಕುರ್ಚಿಗಳೂ ಇರಲಿಲ್ಲ. ಬೆಳಿಗ್ಗೆ ಶೂ ಲೇಸು ಕಟ್ಟಿಕೊಳ್ಳುತ್ತ ಮಗಳು, "ಈ ಸಲಾನೂ ಆಗಲ್ಲ ಅಲ್ವಾಪ್ಪ?" ಎಂದು ಸುಮ್ಮನೆ ಕೇಳಿದ್ದಳು. ಸಿಟ್ಟಿನಿಂದ ಕೇಳಿದ್ದರೆ ಅವನಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಮೂರು ಗಂಟೆಗೆ ಎಲೆಕ್ಟ್ರೀಷಿಯನ್ ಕಚೇರಿಯ ಕರೆಂಟ್ ತೆಗೆದು ಹಳೇ ಮೇನ್ ಬೋರ್ಡ್ ಬದಲಿಸುವವನಿದ್ದ. ಅಷ್ಟರೊಳಗೆ ನಕ್ಷೆಗಳೆಲ್ಲ ಇರುವ ಕಂಪ್ಯೂಟರ್ ಪೆಟ್ಟಿಗೆ ತಣ್ಣಗೆ ಮಲಗಬೇಕು. ಮಲಗಿದ ಮೇಲೆ ಡಿಸ್ಕಣ್ಣ ಹೋಗಬಹುದು.

ಆ ಪೆಟ್ಟಿಗೆಯೇ ಒಂದು ಕೂಡುಕುಟುಂಬ. ಒಳಗಿನ ನಾಲ್ಕು ಡಿಸ್ಕುಗಳು ನಾಲ್ವರು ಓರಗಿತ್ತಿಯರಿದ್ದ ಹಾಗೆ. ಒಬ್ಬಳು ಮರೆತದ್ದನ್ನು ಮಿಕ್ಕ ಮೂವರು ಸೇರಿ ನೆನಪು ಮಾಡಿಕೊಡಬಲ್ಲರು. ಮೊನ್ನೆ ಒಬ್ಬಳು ಕಣ್ಣು ಮುಚ್ಚಿದಳು. ಆ ಜಾಗಕ್ಕೆ ಬಂದ ಹೊಸಬಳನ್ನು ಕೂರಿಸಿಕೊಂಡು ಮೂವರೂ ಮನೆಯ ಕತೆಯನ್ನೆಲ್ಲ, ಅಂದರೆ ನಕ್ಷೆಗಳನ್ನೆಲ್ಲ, ಮೊದಲಿನಿಂದ ಹೇಳಿಕೊಡುತ್ತಿದ್ದರು. ಪೆಟ್ಟಿಗೆ ಮುಚ್ಚುವ ಮುಂಚೆ ಈ ಪಾಠಕ್ಕೆ "ಇವತ್ತಿಗೆ ಸಾಕು" ಎನ್ನಬೇಕು. ಡಿಸ್ಕಣ್ಣ ಅದನ್ನು ಮರೆತು ನೇರವಾಗಿ ಮುಚ್ಚುವ ಆಜ್ಞೆಯನ್ನೇ ಕೊಟ್ಟ.

ಪರದೆಯ ಮೇಲೆ ಗೀಟೊಂದು ಮಿಟುಕಿತು. ಮಿಟುಕುತ್ತಲೇ ಇತ್ತು.

ಒಳಗೆ ಆದದ್ದಿಷ್ಟು. ಆಜ್ಞೆ ಅತ್ತೆಯ ಗತ್ತಿನಲ್ಲಿ ಬಂದು, ಮನೆಗಿದ್ದ ಒಂದೇ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾಠ ನಿಲ್ಲಲಿ ಬೀಗ ಹಾಕುತ್ತೇನೆ ಎಂದು ಕೂತಿತ್ತು. ಪಾಠದವರು, ಎಲ್ಲಿಗೆ ನಿಲ್ಲಿಸಿದೆವೆಂದು ಬರೆದಿಡಬೇಕು, ಬೀಗದಕೈ ಕೊಟ್ಟರೆ ನಿಲ್ಲಿಸುತ್ತೇವೆ ಎನ್ನುತ್ತಿದ್ದರು. ಇಬ್ಬರ ಮಾತೂ ನ್ಯಾಯವೇ. ಇಬ್ಬರೂ ಜಗ್ಗುವವರಲ್ಲ.

ಸುದ್ದಿ ಹಬ್ಬಿ ಕಚೇರಿಯೆಲ್ಲ ಸೇರಿತು. ಟೈಪಿಸ್ಟ್ ಅಕ್ಕ ಪೆಟ್ಟಿಗೆಗೆ ಸೆಕೆ ಆಗಿರಬೇಕೆಂದು ಫ್ಯಾನು ತಿರುಗಿಸಿದರು. ಎಲೆಕ್ಟ್ರೀಷಿಯನ್ ಏಣಿಯ ಮೇಲೆಯೇ ಕೂತು, ತಾನು ಫ್ಯೂಸ್ ಕಿತ್ತರೆ ಅದು ತಾನಾಗೇ ಮಲಗುತ್ತದೆ ಎಂದು ಆಸೆ ತೋರಿಸಿದ. ಡಿಸ್ಕಣ್ಣ ಮರಿಗಳ ಮೇಲೆ ರೆಕ್ಕೆ ಹರಡಿದ ಕೋಳಿಯ ಹಾಗೆ ಪೆಟ್ಟಿಗೆಗೆ ಅಡ್ಡ ನಿಂತ. ಪಾಠದ ನಡುವೆ ಕರೆಂಟ್ ಹೋದರೆ ಎಷ್ಟೋ ಊರುಗಳು ನಕ್ಷೆಯಿಂದಲೇ ಅಳಿಸಿಹೋದಾವು.

ಉಪಾಯ ಅವನಿಗೆ ಗೊತ್ತಿತ್ತು: ಕೊಟ್ಟ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಆದರೆ ಮ್ಯಾನೇಜರ್ ಒಪ್ಪಲಿಲ್ಲ.

"ಹೇಳಿದ್ದನ್ನ ವಾಪಸ್ ತಗೊಂಡ್ರೆ ನಾಳೆ ಅದು ನಮ್ಮ ಮಾತು ಕೇಳುತ್ತೇನ್ರಿ? ಕಾಯ್ರಿ. ಅದೇ ದಾರಿಗೆ ಬರುತ್ತೆ."

ಮೂವತ್ತು ವರ್ಷ ಮನುಷ್ಯರನ್ನು ಆಳಿದ ಅನುಭವ ಅದು. ಎಲ್ಲರೂ ಕಾದರು. ಮೂರಾಯಿತು, ಮೂರೂಕಾಲಾಯಿತು. ಕೊನೆಗೆ ಮ್ಯಾನೇಜರ್‌ಗೆ ಫೋನ್ ಬಂದು ಅವರು ಹೊರಗೆ ಹೋದದ್ದೇ ತಡ, ಡಿಸ್ಕಣ್ಣ ಆಜ್ಞೆ ಹಿಂತೆಗೆದ. ಬೀಗದಕೈ ಬಿಡುಗಡೆಯಾಯಿತು. ಪಾಠ ನಿಲ್ಲಿಸಲು ಹೇಳಿದ, ಅವರು ಬರೆದಿಟ್ಟು ನಿಲ್ಲಿಸಿದರು. ಆಮೇಲೆ ಮುಚ್ಚಲು ಹೇಳಿದ. ಹಸಿರು ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು.

ಒಳಗೆ ಬಂದ ಮ್ಯಾನೇಜರ್, "ನೋಡಿದ್ರಾ? ಪಟ್ಟು ಹಿಡೀಬೇಕು," ಎಂದರು.

"ಹೌದು ಸಾರ್," ಎನ್ನುತ್ತ ಡಿಸ್ಕಣ್ಣ ಓಡಿದ.

ಶಾಲೆ ಮುಟ್ಟಿದಾಗ ಮೂರೂವರೆಯಾಗಿ ಐದು ನಿಮಿಷ. ಸಭಾಂಗಣದ ಬಾಗಿಲು ಹಾಕಿತ್ತು. ಡ್ರಿಲ್ ಮೇಷ್ಟ್ರು ಕೈಕಟ್ಟಿ ಅದಕ್ಕೆ ಒರಗಿ ನಿಂತಿದ್ದರು. ಮೂರೂವರೆಗೆ ಹಾಕಿದ ಬಾಗಿಲನ್ನು ನಾಟಕ ಮುಗಿಯುವ ತನಕ ತೆಗೆಯಬಾರದೆಂದು ಹೆಡ್‌ಮಿಸ್ ಅಪ್ಪಣೆಯಂತೆ. ಒಳಗೆ ಒಂದು ಸದ್ದೂ ಇರಲಿಲ್ಲ. ಯಾಕೆ ಇನ್ನೂ ಶುರುವಾಗಿಲ್ಲವೆಂದು ಡಿಸ್ಕಣ್ಣ ಕೇಳಿದ.

"ಯಾವುದೋ ಮಗು ಹಠ ಮಾಡ್ತಿದೆ. ಅಪ್ಪ ಬಂದು ಕೂತ್ಕೊಳೋ ತನಕ ಸ್ಟೇಜ್ ಹತ್ತಲ್ವಂತೆ."

"ಆ ಅಪ್ಪ ನಾನೇ ಮೇಷ್ಟ್ರೇ."

"ಇರಬಹುದು ಸಾರ್. ನಾಟಕ ಮುಗೀಲಿ, ಬಿಡ್ತೀನಿ."

ಡಿಸ್ಕಣ್ಣ ಒಂದು ಕ್ಷಣ ಮೇಷ್ಟ್ರ ಮುಖವನ್ನೇ ನೋಡಿದ. ಯಾರಾದರೊಬ್ಬರು ಬಿಟ್ಟುಕೊಡದೆ ಈ ಗಂಟು ಬಿಚ್ಚುವಂತಿರಲಿಲ್ಲ. ಅವನು ಮೊಣಕಾಲೂರಿ ಬಾಗಿಲ ಸಂದಿಗೆ ಬಾಯಿಟ್ಟ.

"ಪುಟ್ಟಿ, ಬಂದಿದೀನಿ ಕಣೇ. ಬಾಗಿಲ ಹೊರಗೇ ಇದೀನಿ. ಕಾಣಲ್ಲ ಅಷ್ಟೇ. ನೀನು ಹತ್ತು."

ಒಳಗೆ ದೂರದಿಂದ ಒಂದು ಪುಟ್ಟ ದನಿ: "ಹೋಗ್ಬಾರ್ದು ಮತ್ತೆ."

"ಹೋಗಲ್ಲ."

ನಾಟಕ ಶುರುವಾಯಿತು. ಡಿಸ್ಕಣ್ಣ ಬಾಗಿಲಿಗೆ ಕಿವಿ ಹಚ್ಚಿ ಕೂತ. ಯಾವ ಪಾತ್ರವೆಂದು ಮಗಳು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ರಾಜ ಗದರಿದ, ಸೌದೆ ಕಡಿಯುವವನು ಕೆಮ್ಮಿದ. ಆಮೇಲೆ ಗಿಳಿಯೊಂದು ಸಣ್ಣಗೆ ನಡುಗುವ ದನಿಯಲ್ಲಿ ತನ್ನ ಗೂಡಿನ ಕಷ್ಟ ಹೇಳಿಕೊಂಡಾಗ ಅವನ ಕಣ್ಣು ತುಂಬಿತು. ತನ್ನ ಮಗಳು ಎಂದು ಮೇಷ್ಟ್ರಿಗೆ ಸನ್ನೆ ಮಾಡಿದ. ಮೇಷ್ಟ್ರೂ ಕಟ್ಟಿದ ಕೈ ಬಿಚ್ಚಿ ಗೌರವದಿಂದ ತಲೆಯಾಡಿಸಿದರು.

ಚಪ್ಪಾಳೆ ಬಿತ್ತು, ಬಾಗಿಲು ತೆರೆಯಿತು. ತಲೆಯಿಂದ ಕಾಲಿನವರೆಗೆ ಹಸಿರು ಕಾಗದದ ಎಲೆ ಅಂಟಿಸಿಕೊಂಡು ಮಗಳು ಓಡಿಬಂದಳು.

"ಎಷ್ಟು ಚೆನ್ನಾಗಿ ಮಾತಾಡಿದೆ ಪುಟ್ಟಿ. ಒಂದೊಂದು ಮಾತೂ ಕೇಳಿಸ್ತು."

ಮಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಂಗೆ ಮಾತೇ ಇರ್ಲಿಲ್ಲಪ್ಪ. ನಾನು ಮರ."

ಡ್ರಿಲ್ ಮೇಷ್ಟ್ರು ಛಾವಣಿ ನೋಡತೊಡಗಿದರು. ಮಗಳು ಉದುರುತ್ತಿದ್ದ ಒಂದು ಎಲೆಯನ್ನು ಕಿತ್ತು ಅಪ್ಪನ ಕೈಗಿಟ್ಟು, ಗುಟ್ಟು ಹೇಳುವವಳಂತೆ ಹತ್ತಿರ ಬಂದಳು.

"ಗಾಳಿ ಬೀಸ್ದಾಗ ಮರಗಳೆಲ್ಲ ರಾಜನ ಕಡೆ ಬಾಗ್ಬೇಕಿತ್ತು. ನಾನೊಬ್ಳೇ ಬಾಗಿಲ ಕಡೆ ಬಾಗ್ಬಿಟ್ಟೆ. ಮಿಸ್ ನಿನ್ನ ಕರ್ಕೊಂಡು ಬಾ ಅಂದಿದಾರೆ, ಬೈಯೋಕೆ."